ಪುರಾತತ್ತ್ವದಲ್ಲೂ ಅಂತರರಾಷ್ಟ್ರೀಯ ಕಾನೂನಿನಲ್ಲೂ ಬರೆದವರ ಉಲ್ಲೇಖಗಳನ್ನು ಎಣಿಸುವುದು ಹೇಗೆ?

ಕಡತ ಹಿಡಿದವಳು:

ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕರೊಬ್ಬರ ಪ್ರಕಟಣೆಗಳ ಕಡತವನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವರಿಗೆ ಅದು ಹಿಡಿಸುವುದಿಲ್ಲ. ಮೊದಲ ಹದಿನೆಂಟು ವರ್ಷಗಳನ್ನು ಅವರು ಉತ್ಖನನದಲ್ಲೇ ಕಳೆದರು. ತಾವು ಅಗೆದು, ದಾಖಲಿಸಿ, ಮತ್ತೆ ಮಣ್ಣು ಮುಚ್ಚಿ ಬಂದಿದ್ದ ನೆಲೆಯನ್ನು ಕಳ್ಳರು ಒಂದೇ ಚಳಿಗಾಲದಲ್ಲಿ ಬಗೆದು ಹಾಕಿದ್ದನ್ನು ಕಂಡ ಮೇಲೆ ಕಾನೂನು ಓದಲು ಕುಳಿತರು. ಅಲ್ಲಿಂದ ಮುಂದಿನ ಬರವಣಿಗೆಯೆಲ್ಲ ಒಪ್ಪಂದಗಳ ಕುರಿತಾದದ್ದು: ಯುದ್ಧಕಾಲದಲ್ಲಿ ಸಾಂಸ್ಕೃತಿಕ ಆಸ್ತಿಯ ರಕ್ಷಣೆಗೆಂದು ಬಂದ 1954ರ ಹೇಗ್ ಒಪ್ಪಂದ, ಕಳ್ಳಸಾಗಣೆಯನ್ನು ತಡೆಯುವ 1970ರ ಯುನೆಸ್ಕೊ ಒಪ್ಪಂದ, ಕದ್ದ ವಸ್ತುಗಳನ್ನು ಮರಳಿಸುವ ಬಗೆಗಿನ 1995ರ ಯುನಿಡ್ರಾಯಿಟ್ ಒಪ್ಪಂದ.

ಈಗ ತೊಡಕು ಕೇಳಿ. ಗೂಗಲ್ ಸ್ಕಾಲರ್‌ನಲ್ಲಿ ಅವರ ಎಚ್-ಇಂಡೆಕ್ಸ್ 7 ಎಂದು ಬರುತ್ತದೆ, ಅಂದರೆ ಕನಿಷ್ಠ ಏಳು ಸಲ ಉಲ್ಲೇಖವಾದ ಕೃತಿಗಳು ಏಳು. ಉಲ್ಲೇಖಗಳನ್ನು ಎಣಿಸುವ ಇನ್ನೊಂದು ದತ್ತಸಂಚಯವಾದ ಸ್ಕೋಪಸ್‌ನಲ್ಲಿ ಅದೇ ವ್ಯಕ್ತಿಗೆ 3. ಅದೂ ಎರಡು ಬೇರೆ ಬೇರೆ ಲೇಖಕರ ಪುಟಗಳಾಗಿ ಒಡೆದು ಕುಳಿತಿದೆ, ಒಂದರಲ್ಲಿ ಮಣ್ಣು, ಇನ್ನೊಂದರಲ್ಲಿ ಕಾನೂನು. ಕಳೆದ ಸಲ ಇದೇ ಕಡತ ಒಂದು ಸಂಸ್ಥೆಗೆ ಹೋಗಿದ್ದಾಗ ಪರಿಶೀಲಕರು ಒಂದು ಸಾಲು ಬರೆದು ಹಿಂದಿರುಗಿಸಿದ್ದರು: ಉಲ್ಲೇಖಗಳ ಪ್ರಮಾಣ ಸಾಧಾರಣ. ಅಷ್ಟೇ. ಒಂದು ಪುಸ್ತಕವನ್ನಾದರೂ ತೆರೆದು ನೋಡಿದ್ದರ ಸುಳಿವು ಆ ಸಾಲಿನಲ್ಲಿ ಇರಲಿಲ್ಲ.

ಅವರ ಉತ್ಖನನ ವರದಿಯ ಮೊದಲ ಸಂಪುಟ ಈಗ ನನ್ನ ಮೇಜಿನ ಮೇಲಿದೆ. ಬೆನ್ನು ಕಿತ್ತುಹೋಗಿ ಬಟ್ಟೆಯ ಪಟ್ಟಿಯನ್ನು ಅಂಟಿಸಿದ್ದಾರೆ. ಮಡಕೆಗಳ ರೇಖಾಚಿತ್ರಗಳಿರುವ ಪುಟಗಳ ಅಂಚು ಬೆರಳು ತಾಗಿ ತಾಗಿ ಕಪ್ಪಾಗಿದೆ. ಕೆಲವು ಚಿತ್ರಗಳ ಪಕ್ಕದಲ್ಲಿ ನಾಲ್ಕೈದು ಬೇರೆ ಬೇರೆ ಕೈಬರಹಗಳಲ್ಲಿ ಪೆನ್ಸಿಲಿನ ಗುರುತುಗಳಿವೆ: "ನಮ್ಮ 4ನೇ ಸ್ತರದಂತೆಯೇ", "ಕಂಠದ ಅಂಚನ್ನು ಹೋಲಿಸಿ". ಇಷ್ಟು ಜನ ಕೈಯಾಡಿಸಿದ ಪುಸ್ತಕ ಸ್ಕೋಪಸ್‌ನ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಇಂಥ ಎರಡು ದೋಣಿಗಳ ವಿದ್ವಾಂಸರ ದಾಖಲೆಯನ್ನು ಪ್ರಾಮಾಣಿಕವಾಗಿ, ಉಬ್ಬಿಸದೆ, ಕುಗ್ಗಿಸದೆ ಮುಂದಿಡುವುದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ. ತಿಂಗಳ ಕೊನೆಗೆ ಕಡತ ಸಲ್ಲಿಸಬೇಕು.

ಗ್ರಂಥಾಲಯದಿಂದ:

ಮೇಡಂ, ಮೊದಲು ಕೈಗೆ ಸಿಗುವ ಕೆಲಸವನ್ನು ಮುಗಿಸೋಣ. ಒಡೆದ ಎರಡು ಪುಟಗಳನ್ನು ಸೇರಿಸಿ ಎಂದು ಸ್ಕೋಪಸ್‌ಗೆ ಕೋರಿಕೆ ಸಲ್ಲಿಸಬಹುದು, ಅದು ದೊಡ್ಡ ವಿಷಯವಲ್ಲ. ಅವರಿಗೊಂದು ಆರ್ಕಿಡ್ ಸಂಖ್ಯೆ (ORCID, ಸಂಶೋಧಕರನ್ನು ಗುರುತಿಸುವ ಸಂಖ್ಯೆ) ಇಲ್ಲದಿದ್ದರೆ ಇಂದೇ ಮಾಡಿಸಿ. ಹೆಸರಿನ ಮೊದಲಕ್ಷರಗಳನ್ನು ಹಳೆಯ ವರದಿಗಳಲ್ಲಿ ಒಂದು ರೀತಿ, ಕಾನೂನು ಲೇಖನಗಳಲ್ಲಿ ಇನ್ನೊಂದು ರೀತಿ ಅಚ್ಚು ಹಾಕಿರುತ್ತಾರೆ. ಯಂತ್ರ ಅವರನ್ನು ಇಬ್ಬರೆಂದು ತಿಳಿಯುವುದು ಇದರಿಂದಲೇ.

ಮುಂದಿನದು ಸ್ವಲ್ಪ ಶ್ರಮದ ಕೆಲಸ. ಸ್ಕೋಪಸ್ ಮತ್ತು ಅದರಂಥದೇ ದತ್ತಸಂಚಯವಾದ ವೆಬ್ ಆಫ್ ಸೈನ್ಸ್ ತಾವು ಆಯ್ದ ನಿಯತಕಾಲಿಕೆಗಳನ್ನೂ ಕೆಲವು ಪುಸ್ತಕಗಳನ್ನೂ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಆದರೆ ಆಯ್ದ ಲೇಖನಗಳ ಕೊನೆಯಲ್ಲಿರುವ ಗ್ರಂಥಋಣವನ್ನು ಅವು ಪೂರ್ತಿ ದಾಖಲಿಸಿಕೊಂಡಿರುತ್ತವೆ. ಹಾಗಾಗಿ ಪಟ್ಟಿಯಲ್ಲಿಲ್ಲದ ಪುಸ್ತಕವನ್ನು ಯಾರು ಉಲ್ಲೇಖಿಸಿದ್ದಾರೆ ಎಂಬುದು ಒಳಗೆ ಎಲ್ಲೋ ಅಡಗಿರುತ್ತದೆ. ವೆಬ್ ಆಫ್ ಸೈನ್ಸ್‌ನಲ್ಲಿ ಉಲ್ಲೇಖಿತ ಕೃತಿಗಳನ್ನೇ ಹುಡುಕುವ ಪ್ರತ್ಯೇಕ ಕಿಂಡಿ ಇದೆ. ಅದರಲ್ಲಿ ವರದಿಯ ಹೆಸರನ್ನು ಹಾಕಿ, ಸಂಕ್ಷಿಪ್ತ ರೂಪಗಳನ್ನೂ ತಪ್ಪು ಕಾಗುಣಿತವನ್ನೂ ಹಾಕಿ. ಉತ್ಖನನ ವರದಿಯ ಹೆಸರನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದಿರುತ್ತಾರೆ. ನಾನು ಒಂದೇ ಸಂಪುಟಕ್ಕೆ ಒಂಬತ್ತು ರೂಪಗಳನ್ನು ಕಂಡಿದ್ದೇನೆ.

ಈ ಚರ್ಚೆಗೆ ಹತ್ತಿರವಾದ ಒಂದು ಚರಿತ್ರೆಯನ್ನು ಹೇಳದೆ ಇರಲಾರೆ. ಉಲ್ಲೇಖ ಸೂಚಿ ಎಂಬ ಕಲ್ಪನೆ ಬೆಳೆದದ್ದು ಕಾನೂನಿನಿಂದ. 1873ರಲ್ಲಿ ಅಮೆರಿಕದ ಇಲಿನಾಯ್ಸ್‌ನಲ್ಲಿ ಫ್ರಾಂಕ್ ಶೆಪರ್ಡ್ ಎಂಬುವವರು ತೀರ್ಪುಗಳ ಉಲ್ಲೇಖಗಳನ್ನು ಅಂಟುಕಾಗದದ ಚೀಟಿಗಳಲ್ಲಿ ಅಚ್ಚು ಹಾಕಿ ಮಾರತೊಡಗಿದರು. ವಕೀಲರು ಅವನ್ನು ತಮ್ಮ ತೀರ್ಪಿನ ಸಂಪುಟಗಳ ಅಂಚಿಗೆ ಅಂಟಿಸಿಕೊಳ್ಳುತ್ತಿದ್ದರು. ಯಾವ ತೀರ್ಪನ್ನು ಮುಂದೆ ಯಾವ ತೀರ್ಪು ಎತ್ತಿಕೊಂಡಿದೆ ಎಂಬುದು ಮಾತ್ರವಲ್ಲ, ಹೇಗೆ ಎತ್ತಿಕೊಂಡಿದೆ ಎಂಬುದನ್ನೂ ಒಂದೊಂದು ಅಕ್ಷರದ ಗುರುತಿನಿಂದ ಸೂಚಿಸುವ ಪದ್ಧತಿ ಶೆಪರ್ಡ್ ಸೂಚಿಯಲ್ಲಿ ಬೆಳೆಯಿತು: ಅನುಸರಿಸಿದೆ, ಪ್ರಶ್ನಿಸಿದೆ, ಭಿನ್ನವೆಂದು ಬೇರ್ಪಡಿಸಿದೆ, ರದ್ದುಪಡಿಸಿದೆ. 1955ರಲ್ಲಿ ಯೂಜೀನ್ ಗಾರ್ಫೀಲ್ಡ್ ವಿಜ್ಞಾನಕ್ಕೂ ಇಂಥ ಸೂಚಿ ಬೇಕೆಂದು ಬರೆದಾಗ ಅವರ ಮುಂದಿದ್ದ ಮಾದರಿ ಈ ಶೆಪರ್ಡ್ ಸೂಚಿಯೇ. 1964ರಲ್ಲಿ ಅವರ ಸೈನ್ಸ್ ಸೈಟೇಷನ್ ಇಂಡೆಕ್ಸ್ ಬಂತು, ಇಂದಿನ ವೆಬ್ ಆಫ್ ಸೈನ್ಸ್ ಅದರ ಮುಂದುವರಿಕೆ. ಆದರೆ ದಾರಿಯಲ್ಲಿ ಆ ಅಕ್ಷರಗಳು ಬಿದ್ದುಹೋದವು. ಒಪ್ಪಿದ್ದಾರೋ, ತಳ್ಳಿಹಾಕಿದ್ದಾರೋ ಎಂಬುದು ಹೋಗಿ ಬರೀ ಸಂಖ್ಯೆ ಉಳಿಯಿತು. ನಮ್ಮೆಲ್ಲರ ತಕರಾರಿನ ಬೇರು ಅಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಅಡಿಟಿಪ್ಪಣಿ:

ನಾನು ಕಾನೂನಿನ ಕಡೆಯವನು. ಗ್ರಂಥಪಾಲಕರ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ. ಕಾನೂನು ಲೇಖನದ ಕೊನೆಯಲ್ಲಿ ಎಷ್ಟೋ ಸಲ ಗ್ರಂಥಋಣದ ಪಟ್ಟಿಯೇ ಇರುವುದಿಲ್ಲ. ಎಲ್ಲವೂ ಅಡಿಟಿಪ್ಪಣಿಗಳಲ್ಲಿ ಹೂತಿರುತ್ತದೆ. ಒಮ್ಮೆ ಪೂರ್ತಿ ವಿವರ ಕೊಟ್ಟರೆ ಆಮೇಲೆ "ಮೇಲಿನ ಟಿಪ್ಪಣಿ 12" ಎಂದು ಬರೆದು ಮುಂದೆ ಹೋಗುತ್ತೇವೆ. ಯಂತ್ರಕ್ಕೆ ಇದನ್ನು ಓದುವುದು ಕಷ್ಟ. ಓದಿದರೂ ಒಂದು ಲೇಖನಕ್ಕೆ ಒಂದೇ ಉಲ್ಲೇಖ. ಒಬ್ಬರ ವಾದವನ್ನು ನಾಲ್ಕು ಪುಟಗಳ ಉದ್ದಕ್ಕೆ ಬಿಡಿಸಿ ನೋಡಿದ್ದಕ್ಕೂ ಒಂದು, ಹೋಗುವ ದಾರಿಯಲ್ಲಿ ಹೆಸರು ಹೇಳಿದ್ದಕ್ಕೂ ಒಂದು.

ನ್ಯಾಯಾಲಯದ ವಿಷಯಕ್ಕೆ ಬರೋಣ. ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೇ ವಿಧಿಯು ಬೇರೆ ಬೇರೆ ರಾಷ್ಟ್ರಗಳ ಅತ್ಯಂತ ಅರ್ಹ ವಿದ್ವಾಂಸರ ಬರಹಗಳನ್ನು ಕಾನೂನಿನ ನಿಯಮವನ್ನು ಗುರುತಿಸುವ ಪೂರಕ ಸಾಧನ ಎಂದು ಒಪ್ಪುತ್ತದೆ. ಇಷ್ಟಿದ್ದರೂ ಆ ನ್ಯಾಯಾಲಯ ತನ್ನ ತೀರ್ಪಿನಲ್ಲಿ ವಿದ್ವಾಂಸರ ಹೆಸರು ಹೇಳುವುದು ಬಹಳ ಅಪರೂಪ. ಹೆಸರುಗಳು ಕಾಣಿಸುವುದು ನ್ಯಾಯಾಧೀಶರ ಪ್ರತ್ಯೇಕ ಅಭಿಪ್ರಾಯಗಳಲ್ಲಿ, ಭಿನ್ನಮತಗಳಲ್ಲಿ. ಕಡತ ಸಿದ್ಧಪಡಿಸುವವರು ಅಲ್ಲಿಗೇ ಹೋಗಿ ಪುಟ ತಿರುವಬೇಕು.

ಪುರಾತತ್ತ್ವ ಮತ್ತು ಕಾನೂನು ಮುಖಾಮುಖಿಯಾದ ಮೊಕದ್ದಮೆ ಎಂದರೆ ನನಗೆ ತಕ್ಷಣ ನೆನಪಾಗುವುದು ಕಾಂಬೋಡಿಯಾ ಮತ್ತು ಥಾಯ್ಲೆಂಡ್ ಗಡಿಯ ಪ್ರೆಅ ವಿಹಾರ್ ದೇವಾಲಯದ್ದು. 1962ರ ಜೂನ್ 15ರಂದು ನ್ಯಾಯಾಲಯ ಒಂಬತ್ತು ಮೂರು ಮತಗಳಿಂದ ದೇವಾಲಯ ಕಾಂಬೋಡಿಯಾದ ನೆಲದಲ್ಲಿದೆ ಎಂದು ತೀರ್ಪಿತ್ತಿತು. ಎರಡೂ ಕಡೆಯವರು ಭೂಸ್ವರೂಪ, ಚರಿತ್ರೆ, ಧರ್ಮ, ಪುರಾತತ್ತ್ವದ ವಾದಗಳನ್ನು ಮುಂದಿಟ್ಟಿದ್ದರು. ಅವು ಕಾನೂನಿನ ದೃಷ್ಟಿಯಿಂದ ನಿರ್ಣಾಯಕವಲ್ಲ ಎಂದು ಒಂದೇ ಮಾತಿನಲ್ಲಿ ಬದಿಗಿಟ್ಟ ನ್ಯಾಯಾಲಯ ಒಂದು ನಕ್ಷೆಯ ಮೇಲೆ, ಆ ನಕ್ಷೆಯ ಬಗ್ಗೆ ಥಾಯ್ಲೆಂಡ್ ವರ್ಷಗಟ್ಟಲೆ ತಾಳಿದ ಮೌನದ ಮೇಲೆ ತೀರ್ಪನ್ನು ನಿಲ್ಲಿಸಿತು. ಪುರಾತತ್ತ್ವಜ್ಞರು ಕಾನೂನನ್ನೂ ಓದಿಕೊಂಡಿರಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಆಮೇಲೆ ಕಾಲ ಬದಲಾಯಿತು. ಮಾಲಿ ದೇಶದ ಟಿಂಬಕ್ಟುವಿನ ಸಮಾಧಿಮಂದಿರಗಳ ಮೇಲೆ ದಾಳಿ ನಡೆಸಿದ ಉಗ್ರಗಾಮಿ ಅಲ್ ಮಹ್ದಿಗೆ 2016ರ ಸೆಪ್ಟೆಂಬರ್ 27ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಒಂಬತ್ತು ವರ್ಷಗಳ ಶಿಕ್ಷೆ ವಿಧಿಸಿತು. ಮರುವರ್ಷ ಪರಿಹಾರವನ್ನು 27 ಲಕ್ಷ ಯೂರೊ ಎಂದು ನಿಗದಿಪಡಿಸುವ ಮೊದಲು ತಜ್ಞರಿಂದ ವರದಿಗಳನ್ನು ತರಿಸಿಕೊಂಡಿತು. ಅಂಥ ತಜ್ಞ ವರದಿಗೆ ಎಚ್-ಇಂಡೆಕ್ಸ್‌ನಲ್ಲಿ ಎಷ್ಟು ಅಂಕ? ಸೊನ್ನೆ.

ಇದಕ್ಕಿಂತ ದೊಡ್ಡ ಉದಾಹರಣೆಯೂ ಇದೆ. ನೀರಿನಡಿಯ ಪರಂಪರೆಯ ಬಗ್ಗೆ 2001ರಲ್ಲಿ ಯುನೆಸ್ಕೊ ಒಪ್ಪಂದವಾಯಿತು. ಅದರ ಅನುಬಂಧದಲ್ಲಿ 36 ನಿಯಮಗಳಿವೆ: ವಸ್ತುವನ್ನು ಇದ್ದಲ್ಲೇ ಕಾಪಾಡುವುದೇ ಮೊದಲ ಆಯ್ಕೆಯಾಗಬೇಕು, ಯೋಜನೆ ಇಲ್ಲದೆ ಕೈಹಾಕಬಾರದು, ದಾಖಲಿಸದೆ ಎತ್ತಬಾರದು ಹೀಗೆ. ಇವುಗಳ ಬಹುಭಾಗ ಸ್ಮಾರಕಗಳ ರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಇಕೊಮಾಸ್ 1996ರಲ್ಲಿ ಹೊರಡಿಸಿದ ಸನ್ನದಿನಿಂದ ಬಂದದ್ದು. ಅದರ ಹಿಂದೆ ಇದ್ದದ್ದು ನೀರಿನಡಿ ಕೆಲಸ ಮಾಡಿದ ಪುರಾತತ್ತ್ವಜ್ಞರ ಅನುಭವ. ಅವರ ವಾಕ್ಯಗಳು ಇಂದು ರಾಷ್ಟ್ರಗಳನ್ನು ಕಟ್ಟಿಹಾಕುವ ಕಾನೂನಾಗಿವೆ. ಲೇಖಕರ ಹೆಸರಿಲ್ಲ, ಉಲ್ಲೇಖವೂ ಇಲ್ಲ. ವಿದ್ವಾಂಸರೊಬ್ಬರ ಬರಹಕ್ಕೆ ಇದಕ್ಕಿಂತ ಹೆಚ್ಚಿನ ಬಾಳು ಇನ್ನೇನಿದೆ?

ಮೇಜಿನ ಆಚೆ ಬದಿ:

ನಾನು ಇಂಥ ಕಡತಗಳನ್ನು ಪರಿಶೀಲಿಸುವ ಸಮಿತಿಗಳಲ್ಲಿ ಹಲವು ವರ್ಷ ಕುಳಿತಿದ್ದೇನೆ. ಇಲ್ಲಿ ಎಲ್ಲರೂ ಸಂಖ್ಯೆಯನ್ನು ದೂರುತ್ತಿರುವುದರಿಂದ ಅದರ ಪರವಾಗಿ ಒಂದು ಮಾತು.

ಸಂಖ್ಯೆಗಳು ಬರುವ ಮುನ್ನ ಏನಿತ್ತು ಎಂಬುದನ್ನು ಕಿರಿಯರು ತಿಳಿಯಬೇಕು. ಯಾರ ಶಿಷ್ಯರು, ಯಾರು ಪತ್ರ ಬರೆದಿದ್ದಾರೆ, ಯಾವ ಮನೆತನದ ವಿಶ್ವವಿದ್ಯಾಲಯ ಎಂಬುದರ ಮೇಲೆ ಬದುಕುಗಳು ತೀರ್ಮಾನವಾಗುತ್ತಿದ್ದವು. ದೊಡ್ಡವರ ಆಸರೆ ಇಲ್ಲದ ಒಬ್ಬ ಸಂಶೋಧಕಿ "ನನ್ನ ಲೇಖನವನ್ನು ಜಗತ್ತಿನಲ್ಲಿ ಇಷ್ಟು ಜನ ಬಳಸಿದ್ದಾರೆ, ನೋಡಿ" ಎಂದು ಹೇಳಿ ಹುದ್ದೆ ಪಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಅಸ್ತ್ರವನ್ನು ಅವಳ ಕೈಯಿಂದ ಕಿತ್ತುಕೊಳ್ಳಬೇಡಿ.

ಆದರೆ ಎಚ್-ಇಂಡೆಕ್ಸ್ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದು ಅದನ್ನು ಬಳಸುವವರಿಗೆ ಗೊತ್ತಿರಬೇಕು. 2005ರಲ್ಲಿ ಇದನ್ನು ಸೂಚಿಸಿದ ಹಿರ್ಷ್ ಭೌತವಿಜ್ಞಾನಿ; ಚಿಕ್ಕ ಚಿಕ್ಕ ಲೇಖನಗಳು ಬೇಗ ಬೇಗ ಬರುವ ಲೋಕದವರು. ಲೆಕ್ಕಕ್ಕೆಂದು ಹನ್ನೆರಡು ಕೃತಿಗಳನ್ನು ಇಟ್ಟುಕೊಳ್ಳಿ. ಉಲ್ಲೇಖಗಳು ಹೀಗಿರಲಿ: 140, 38, 21, 14, 9, 8, 7, 7, 5, 3, 2, 0. ಕನಿಷ್ಠ 7 ಉಲ್ಲೇಖಗಳಿರುವ ಕೃತಿಗಳು ಏಳಾದರೂ ಇವೆ, ಕನಿಷ್ಠ 8 ಇರುವವು ಎಂಟಿಲ್ಲ. ಆದ್ದರಿಂದ ಎಚ್-ಇಂಡೆಕ್ಸ್ 7. ಈಗ ಮೊದಲ ಪುಸ್ತಕದ 140ನ್ನು 1400 ಮಾಡಿ. ಎಚ್-ಇಂಡೆಕ್ಸ್ ಆಗಲೂ 7. ಹತ್ತು ವರ್ಷ ಬೆವರಿಳಿಸಿ ಬರೆದ ಒಂದು ಮಹಾಗ್ರಂಥ ಇಡೀ ಕ್ಷೇತ್ರವನ್ನೇ ತಿರುಗಿಸಿದರೂ ಈ ಅಳತೆಗೋಲು ಅಲುಗಾಡುವುದಿಲ್ಲ. ಪುಸ್ತಕಗಳ ಮೂಲಕ ಮಾತನಾಡುವ ಪುರಾತತ್ತ್ವಕ್ಕೂ ಕಾನೂನಿಗೂ ಇದು ಹೊಂದದ ಅಳತೆ ಎಂದು ಒಪ್ಪುತ್ತೇನೆ.

ನನ್ನ ವಿನಂತಿ ಇಷ್ಟೇ: ಸಂಖ್ಯೆಯನ್ನು ಕಡತದಿಂದ ತೆಗೆಯಬೇಡಿ. ತೆಗೆದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಸಮಿತಿ ಅನುಮಾನಿಸುತ್ತದೆ. ಎರಡೂ ಆಕರಗಳ ಸಂಖ್ಯೆಗಳನ್ನೂ ನೋಡಿದ ದಿನಾಂಕವನ್ನೂ ಬರೆದು, ಪಕ್ಕದಲ್ಲೇ ಅದಕ್ಕೆ ಸಿಕ್ಕದಿರುವುದು ಏನು ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಿ.

ಏಳನೇ ಸ್ತರ:

ಅಗೆಯುವವರ ಕಡೆಯಿಂದ ನಾನು. ಕಡತ ಹಿಡಿದವರು ಹೇಳಿದ ಆ ಪೆನ್ಸಿಲಿನ ಗುರುತುಗಳು ನನಗೆ ಬಹಳ ಹಿಡಿಸಿದವು. ಉತ್ಖನನ ವರದಿಯನ್ನು ಯಾರೂ ಮೊದಲ ಪುಟದಿಂದ ಕೊನೆಯವರೆಗೆ ಓದುವುದಿಲ್ಲ. ಅದು ನಿಘಂಟಿನಂತೆ. ನಮ್ಮ ಕೈಗೆ ಒಂದು ಮಡಕೆಯ ಚೂರು ಸಿಕ್ಕಾಗ, ಇಂಥದೇ ಅಂಚು ಬೇರೆಲ್ಲಿ ಯಾವ ಸ್ತರದಲ್ಲಿ ಬಂದಿದೆ ಎಂದು ಹುಡುಕುತ್ತೇವೆ. ಸಿಕ್ಕರೆ ನಮ್ಮ ಕೋಷ್ಟಕದ ಕೊನೆಯ ಕಾಲಂನಲ್ಲಿ ಸಂಪುಟ, ಫಲಕ, ಚಿತ್ರದ ಸಂಖ್ಯೆ ಬರೆಯುತ್ತೇವೆ. ಒಂದೇ ವರದಿಯಿಂದ ನೂರು ಹೋಲಿಕೆಗಳನ್ನು ತೆಗೆದುಕೊಂಡರೂ ಎಣಿಕೆಯಲ್ಲಿ ಅದು ಒಂದೇ ಉಲ್ಲೇಖ. ಎಷ್ಟೋ ಸಲ ಅಷ್ಟೂ ಇಲ್ಲ. ಕೋಷ್ಟಕದ ಸಂಕ್ಷೇಪಾಕ್ಷರವನ್ನು ಯಂತ್ರ ಗುರುತಿಸುವುದೇ ಇಲ್ಲ.

ಕಾಲದ ಮಾತು ಬೇರೆಯೇ. ಅಗೆತ ಮುಗಿದು ವರದಿ ಅಚ್ಚಾಗಲು ಹತ್ತು ವರ್ಷ ಹಿಡಿಯುವುದು ನಮ್ಮಲ್ಲಿ ದೊಡ್ಡ ಸಂಗತಿಯಲ್ಲ. ಮೂಳೆಗಳನ್ನು ನೋಡುವವರು, ಬೀಜಗಳನ್ನು ನೋಡುವವರು, ಇದ್ದಿಲಿನ ಕಾಲನಿರ್ಣಯ ಮಾಡುವ ಪ್ರಯೋಗಾಲಯ, ನಾಣ್ಯ ಓದುವವರು ಎಲ್ಲರ ಭಾಗವೂ ಬಂದ ಮೇಲೆಯೇ ಸಂಪುಟ ಮುಗಿಯುವುದು. ಆದರೆ ಒಮ್ಮೆ ಬಂದರೆ ಅದಕ್ಕೆ ಮುಪ್ಪಿಲ್ಲ. ಅಗೆದ ನೆಲೆಯನ್ನು ಮತ್ತೊಮ್ಮೆ ಅಗೆಯಲು ಬರುವುದಿಲ್ಲ. ಅಗೆಯುವುದೆಂದರೆ ಅಳಿಸುವುದೂ ಹೌದು. ಉಳಿಯುವುದು ವರದಿಯೊಂದೇ. ಐವತ್ತು, ಅರವತ್ತು ವರ್ಷ ಹಿಂದಿನ ವರದಿಯನ್ನು ನಾವು ಇಂದಿಗೂ ಬಳಸುತ್ತೇವೆ. ಕಳೆದ ಐದು ವರ್ಷಗಳ ಉಲ್ಲೇಖಗಳನ್ನಷ್ಟೇ ಎಣಿಸುವ ಅಳತೆಗೆ ಈ ಆಯುಸ್ಸು ಅರ್ಥವಾಗುವುದಿಲ್ಲ.

ನಿಮ್ಮ ಪ್ರಾಧ್ಯಾಪಕರ ಮೂಲ ದಾಖಲೆಗಳು, ಸ್ತರಗಳ ಚೀಟಿಗಳು, ಛಾಯಾಚಿತ್ರಗಳು ಯಾವುದಾದರೂ ಡಿಜಿಟಲ್ ಭಂಡಾರದಲ್ಲಿವೆಯೇ? 1996ರಲ್ಲಿ ಯಾರ್ಕ್‌ನಲ್ಲಿ ಆರಂಭವಾದ ಆರ್ಕಿಯಾಲಜಿ ಡೇಟಾ ಸರ್ವೀಸ್‌ನಂಥ ಭಂಡಾರಗಳು ದತ್ತಾಂಶಕ್ಕೇ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಕೊಡುತ್ತವೆ. ಆಗ ದತ್ತಾಂಶವನ್ನು ಬಳಸಿದವರು ಅದನ್ನೇ ಉಲ್ಲೇಖಿಸಬಹುದು.

ಎರಡನೇ ವರ್ಷದ ಸಂಶೋಧಕ:

ಹಿರಿಯರೇ, ಒಂದು ಅನುಮಾನ. ತಪ್ಪೆಂದು ತೋರಿಸಲು ಉಲ್ಲೇಖಿಸಿದರೂ ಅದು ಲೆಕ್ಕಕ್ಕೆ ಬರುತ್ತದೆಯೇ? ಹಾಗಾದರೆ ಎಲ್ಲರಿಂದ ಟೀಕೆಗೆ ಗುರಿಯಾದ ಲೇಖನಕ್ಕೂ ದೊಡ್ಡ ಸಂಖ್ಯೆ ಬರಬೇಕಲ್ಲವೇ?

ಗ್ರಂಥಾಲಯದಿಂದ:

ಬರುತ್ತದೆ. ಶೆಪರ್ಡ್ ಸೂಚಿಯ ಅಕ್ಷರಗಳು ಬಿದ್ದುಹೋದವು ಎಂದು ನಾನು ಹೇಳಿದ್ದು ಇದನ್ನೇ. 2012ರಲ್ಲಿ ರೋಮ್‌ನ ಸಮ್ಮೇಳನವೊಂದರಲ್ಲಿ, ಯೇಸುವಿಗೆ ಪತ್ನಿ ಇದ್ದಳೆಂದು ಸೂಚಿಸುವ ಕಾಪ್ಟಿಕ್ ಭಾಷೆಯ ಪಪೈರಸ್ ತುಣುಕೊಂದನ್ನು ಪ್ರಕಟಪಡಿಸಲಾಯಿತು. 2014ರಲ್ಲಿ ಅದರ ಲೇಖನ ಹಾರ್ವರ್ಡ್ ಥಿಯಲಾಜಿಕಲ್ ರಿವ್ಯೂನಲ್ಲಿ ಬಂತು. ಬೇರೆ ವಿದ್ವಾಂಸರು ವ್ಯಾಕರಣದಿಂದ, ಅಕ್ಷರಗಳಿಂದ ಒಂದೊಂದೇ ಎಳೆ ಬಿಡಿಸಿ ಅನುಮಾನಿಸಿದರು. 2016ರಲ್ಲಿ ಪತ್ರಕರ್ತರೊಬ್ಬರು ಆ ತುಣುಕು ಯಾರ ಕೈಯಿಂದ ಬಂತೆಂಬುದನ್ನು ಹುಡುಕಿದ ಮೇಲೆ ಅದು ನಕಲಿ ಇರುವ ಸಂಭವವೇ ಹೆಚ್ಚು ಎಂದು ಲೇಖಕಿಯೇ ಒಪ್ಪಿದರು. ಅಲ್ಲಗಳೆದ ಒಂದೊಂದು ಬರಹವೂ ಎಣಿಕೆಗೆ ಒಂದೊಂದನ್ನು ಸೇರಿಸಿದೆ.

ಏಳನೇ ಸ್ತರ:

ಮತ್ತು ಅಲ್ಲಿ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ವ್ಯಾಕರಣದ್ದಲ್ಲ, ವಸ್ತು ಎಲ್ಲಿಂದ ಬಂತು ಎಂಬುದು. ನೆಲದಿಂದ ದಾಖಲೆಯೊಂದಿಗೆ ಬಂದ ವಸ್ತುವಿಗೂ ಮಾರುಕಟ್ಟೆಯಿಂದ ಬಂದ ವಸ್ತುವಿಗೂ ಅಜಗಜಾಂತರ.

ಕಡತ ಹಿಡಿದವಳು:

ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನ ಕುಳಿತು ಉಲ್ಲೇಖಿತ ಕೃತಿಗಳ ಕಿಂಡಿಯಲ್ಲಿ ಹುಡುಕಿದೆ. ವರದಿಯ ಹೆಸರಿಗೆ ಹನ್ನೊಂದು ರೂಪಗಳು ಸಿಕ್ಕವು. ಒಬ್ಬರು ಸಂಪುಟದ ವರ್ಷವನ್ನೇ ತಪ್ಪಾಗಿ ಬರೆದಿದ್ದರು, ಅವರನ್ನು ನೋಡಿ ಬರೆದ ಇನ್ನು ನಾಲ್ವರೂ ಅದೇ ತಪ್ಪನ್ನು ಬರೆದಿದ್ದಾರೆ!

ಏಳನೇ ಸ್ತರದವರ ಕೊನೆಯ ಮಾತು ನನ್ನನ್ನು ಬೇರೊಂದು ಕಡೆ ಕರೆದೊಯ್ಯಿತು. ಪ್ರಾಧ್ಯಾಪಕರ ಪತ್ರಗಳ ಕಟ್ಟಿನಲ್ಲಿ ಒಂದು ಸಂಗತಿ ಸಿಕ್ಕಿದೆ. ವರ್ಷಗಳ ಹಿಂದೆ ಸಂಗ್ರಾಹಕರೊಬ್ಬರು ಬರಹವಿದ್ದ ಒಂದು ಕಂಚಿನ ಫಲಕದ ಛಾಯಾಚಿತ್ರಗಳನ್ನು ಕಳುಹಿಸಿ, ಮೊದಲು ಪ್ರಕಟಿಸುವ ಅವಕಾಶ ನಿಮಗೇ ಎಂದು ಬರೆದಿದ್ದಾರೆ. ಇವರು ಬರೆದ ಉತ್ತರದ ಪ್ರತಿ ಐದು ಸಾಲಿನದು: ಎಲ್ಲಿ ದೊರೆಯಿತು, ಯಾವಾಗ ಗಡಿ ದಾಟಿತು, ರಫ್ತಿನ ಪರವಾನಗಿ ಇದೆಯೇ? ಮನೆಯಲ್ಲಿ ಹಿಂದಿನಿಂದ ಇದ್ದದ್ದು ಎಂಬ ಮರುತ್ತರ ಬಂದಿದೆ, ಕಾಗದ ಒಂದೂ ಇಲ್ಲ. ಇವರು ಒಲ್ಲೆ ಎಂದರು. ಬೇರೊಬ್ಬರು ಪ್ರಕಟಿಸಿದರು. ಆ ಒಂದು ಲೇಖನಕ್ಕೆ ಇಂದು ಇರುವ ಉಲ್ಲೇಖಗಳು ಇವರ ಎಲ್ಲ ಕಾನೂನು ಲೇಖನಗಳ ಉಲ್ಲೇಖಗಳನ್ನು ಒಟ್ಟು ಮಾಡಿದರೂ ಹೆಚ್ಚು.

ಇದನ್ನು ಓದಿದ ಸಂಜೆ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ಬರೆಯದೆ ಬಿಟ್ಟದ್ದಕ್ಕೆ ಕಡತದಲ್ಲಿ ಜಾಗ ಇದೆಯೇ?

ಏಳನೇ ಸ್ತರ:

ಮೇಡಂ, ನಿಮ್ಮ ಪ್ರಾಧ್ಯಾಪಕರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಮಾಡಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಮೂಲ ತಿಳಿಯದ ವಸ್ತುವನ್ನು ವಿದ್ವಾಂಸರು ಪ್ರಕಟಿಸಿದರೆ ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಏರುತ್ತದೆ. ಲೇಖನವೇ ಅದರ ಪ್ರಮಾಣಪತ್ರವಾಗುತ್ತದೆ. ಬೆಲೆ ಏರಿದರೆ ಮುಂದಿನ ನೆಲೆಗೆ ಗುದ್ದಲಿ ಬೀಳುತ್ತದೆ. ಅಮೆರಿಕನ್ ಜರ್ನಲ್ ಆಫ್ ಆರ್ಕಿಯಾಲಜಿಯಂಥ ಹಿರಿಯ ನಿಯತಕಾಲಿಕೆ ಇಂಥ ವಸ್ತುಗಳ ಮೊದಲ ಪ್ರಕಟಣೆಗೆ ತನ್ನ ಪುಟಗಳನ್ನು ಕೊಡುವುದಿಲ್ಲ ಎಂಬ ನೀತಿಯನ್ನು ದಶಕಗಳಿಂದ ಪಾಲಿಸುತ್ತ ಬಂದಿದೆ. ಬರಹವಿರುವ ವಸ್ತುಗಳ ವಿಷಯದಲ್ಲಿ ಭಿನ್ನಾಭಿಪ್ರಾಯ ಇದೆ; ಅದರಲ್ಲಿರುವ ಪಠ್ಯ ಕಳೆದುಹೋಗುತ್ತದಲ್ಲ ಎಂದು ಲಿಪಿತಜ್ಞರು ಕೇಳುತ್ತಾರೆ. ಆ ಸಂಕಟವನ್ನು ನಾನು ತಿಳಿಯಬಲ್ಲೆ, ಆದರೆ ಒಪ್ಪಲಾರೆ.

ಅಡಿಟಿಪ್ಪಣಿ:

ಕಾನೂನಿನ ಕಡೆಯಿಂದ ಒಂದು ಸೇರ್ಪಡೆ. 1970ರ ನವೆಂಬರ್ 14ರಂದು ಅಂಗೀಕಾರವಾದ ಯುನೆಸ್ಕೊ ಒಪ್ಪಂದ ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ. ಆದರೂ 1970 ಎಂಬ ವರ್ಷ ವಸ್ತುಸಂಗ್ರಹಾಲಯಗಳಿಗೂ ವಿದ್ವಾಂಸರಿಗೂ ಒಂದು ಗಡಿರೇಖೆಯಾಗಿ ನಿಂತಿತು: ಅದಕ್ಕೆ ಮೊದಲೇ ವಸ್ತು ಮೂಲ ದೇಶದ ಹೊರಗಿತ್ತು ಎಂಬುದಕ್ಕೆ ಕಾಗದ ತೋರಿಸಿ, ಇಲ್ಲವೇ ಅಲ್ಲಿಂದ ನ್ಯಾಯಬದ್ಧವಾಗಿ ಬಂತೆಂದು ತೋರಿಸಿ. ಕಾನೂನು ಹೇಳಿದ್ದಕ್ಕಿಂತ ಹೆಚ್ಚಿನದನ್ನು ವಿದ್ವಾಂಸರು ತಾವಾಗಿ ಹೊತ್ತುಕೊಂಡರು. ಈ ಒಪ್ಪಂದದ ಹಿನ್ನೆಲೆಯಲ್ಲೂ ಒಂದು ಲೇಖನವಿದೆ. 1969ರಲ್ಲಿ ಕ್ಲೆಮೆನ್ಸಿ ಕಾಗಿನ್ಸ್ ಆರ್ಟ್ ಜರ್ನಲ್‌ನಲ್ಲಿ ಪ್ರಾಚೀನ ಅಮೆರಿಕದ ಶಿಲ್ಪಗಳು ಹೇಗೆ ಕೊಯ್ದು ಸಾಗಿಸಲ್ಪಡುತ್ತಿವೆ ಎಂದು ಬರೆದರು. ಚಿಕ್ಕ ಲೇಖನ. ಅದು ಮಾಡಿದ ಕೆಲಸ ದೊಡ್ಡದು. ಇನ್ನೊಂದು ಕಡೆ ಜಾನ್ ಹೆನ್ರಿ ಮೆರಿಮನ್ 1986ರಲ್ಲಿ ಅಮೆರಿಕನ್ ಜರ್ನಲ್ ಆಫ್ ಇಂಟರ್‌ನ್ಯಾಷನಲ್ ಲಾದಲ್ಲಿ ಬರೆದ ಪ್ರಬಂಧ, ಸಾಂಸ್ಕೃತಿಕ ಆಸ್ತಿ ಮನುಕುಲದ್ದೋ ರಾಷ್ಟ್ರದ್ದೋ ಎಂಬ ಎರಡು ನೋಟಗಳನ್ನು ಬಿಡಿಸಿಟ್ಟದ್ದು. ಅದನ್ನು ಒಪ್ಪದವರೂ ಅದನ್ನು ಉಲ್ಲೇಖಿಸದೆ ಲೇಖನ ಆರಂಭಿಸುವುದಿಲ್ಲ. ನಾನೂ ಒಪ್ಪುವುದಿಲ್ಲ, ಆರು ಸಲ ಉಲ್ಲೇಖಿಸಿದ್ದೇನೆ. ಈ ಎರಡು ಬರಹಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿ ಎಂದರೆ ನಾನು ತಕ್ಕಡಿಯನ್ನೇ ಕೆಳಗಿಡುತ್ತೇನೆ.

ಮೇಜಿನ ಆಚೆ ಬದಿ:

ಕಂಚಿನ ಫಲಕದ ಸಂಗತಿ ನನ್ನನ್ನು ಬಹಳ ಹೊತ್ತು ಸುಮ್ಮನಿರಿಸಿತು. ಸಮಿತಿಯಲ್ಲಿ ಕುಳಿತಾಗ ಮುಂದೆ ಬರುವುದು ಬರೆದದ್ದರ ಪಟ್ಟಿ ಮಾತ್ರ; ನಿರಾಕರಿಸಿದ್ದನ್ನು ನಾನು ಒಬ್ಬರಿಗೂ ಈವರೆಗೆ ಕೇಳಿಲ್ಲ. ಕೇಳಬೇಕಾಗಿತ್ತು.

ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡು ಮರುವರ್ಷ ಪ್ರಕಟವಾದ, ಸಂಶೋಧನೆಯ ಮೌಲ್ಯಮಾಪನದ ಬಗೆಗಿನ ಡೋರಾ ಘೋಷಣೆ, ನಿಯತಕಾಲಿಕೆಯ ಅಂಕದಿಂದ ವ್ಯಕ್ತಿಯ ಸಂಶೋಧನೆಯನ್ನು ಅಳೆಯಬಾರದು ಎನ್ನುತ್ತದೆ. ಇದೇ ವಿಷಯದ ಮೇಲಿನ 2015ರ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ ಕ್ಷೇತ್ರದಿಂದ ಕ್ಷೇತ್ರಕ್ಕೆ ಉಲ್ಲೇಖದ ರೂಢಿ ಬೇರೆ ಎಂಬುದನ್ನು ಗಮನಿಸಬೇಕೆಂಬ ಸೂತ್ರವೂ ಇದೆ. ನೀವು ಕಡತ ಕಳುಹಿಸುವ ಸಂಸ್ಥೆ ಡೋರಾಗೆ ಸಹಿ ಹಾಕಿದೆಯೇ ನೋಡಿ. ಹಾಕಿದ್ದರೆ ಮುಖಪತ್ರದಲ್ಲಿ ಅದನ್ನು ನೆನಪಿಸಿ. ಅದು ಅವರೇ ಕೊಟ್ಟ ಮಾತು.

ಪಟ್ಟಿಗಿಂತ ಮೊದಲು ಐದು ಕೃತಿಗಳನ್ನು ಆಯ್ದು, ಒಂದೊಂದಕ್ಕೂ ಅರ್ಧ ಪುಟ ಬರೆಯಿರಿ. ಏನನ್ನು ಕಂಡುಹಿಡಿಯಿತು, ಯಾರು ಯಾತಕ್ಕಾಗಿ ಬಳಸಿದರು. ಉತ್ಖನನ ವರದಿಯ ಅರ್ಧ ಪುಟದಲ್ಲಿ ಹನ್ನೊಂದು ರೂಪಗಳ ಸಂಗತಿಯನ್ನು ಸೇರಿಸಿ. ನಾನಾಗಿದ್ದರೆ ಪೆನ್ಸಿಲಿನ ಗುರುತುಗಳಿರುವ ಪುಟದ ಛಾಯಾಚಿತ್ರವನ್ನೂ ಲಗತ್ತಿಸುತ್ತಿದ್ದೆ. ಫಲಕದ ಸಂಗತಿಯನ್ನು ಸಂಶೋಧನಾ ನೀತಿಯ ಕುರಿತ ಹೇಳಿಕೆಯಲ್ಲಿ ಮೂರು ವಾಕ್ಯಗಳಲ್ಲಿ ಹೇಳಿ, ಸಂಗ್ರಾಹಕರ ಹೆಸರಾಗಲಿ, ಪ್ರಕಟಿಸಿದವರ ಹೆಸರಾಗಲಿ ಬೇಡ.

ಕಡತ ಹಿಡಿದವಳು:

ಕರಡು ಮುಗಿಯಿತು. ನೀವೆಲ್ಲ ಹೇಳಿದಂತೆ ಎರಡು ಆಕರಗಳ ಸಂಖ್ಯೆಗಳು, ದಿನಾಂಕ, ಐದು ಕೃತಿಗಳು, ನ್ಯಾಯಾಧೀಶರೊಬ್ಬರ ಪ್ರತ್ಯೇಕ ಅಭಿಪ್ರಾಯದಲ್ಲಿ ಅವರ ಲೇಖನ ಕಾಣಿಸಿಕೊಂಡ ಟಿಪ್ಪಣಿಯ ಪ್ರತಿ ಎಲ್ಲವನ್ನೂ ಸೇರಿಸಿ ನಿನ್ನೆ ಪ್ರಾಧ್ಯಾಪಕರ ಮುಂದಿಟ್ಟೆ.

ಕನ್ನಡಕ ಹಾಕಿಕೊಂಡು ಪೆನ್ನು ಹಿಡಿದು ಒಂದು ಗಂಟೆ ಓದಿದರು. ಫಲಕದ ಮೂರು ವಾಕ್ಯಗಳಲ್ಲಿ ಎರಡನ್ನು ಹೊಡೆದುಹಾಕಿದರು. ಉಳಿದ ಒಂದು ಹೀಗಿದೆ: ಮೂಲ ದಾಖಲೆ ಇಲ್ಲದ ವಸ್ತುಗಳನ್ನು ಪ್ರಕಟಿಸಿಲ್ಲ. ನಾನು ವಾದಿಸಲು ಬಾಯಿ ತೆರೆದೆ, ಅವರು ಮುಂದಿನ ಪುಟಕ್ಕೆ ಹೋಗಿಬಿಟ್ಟರು.

ಅಲ್ಲಿ ಉತ್ಖನನ ವರದಿಯ ಅರ್ಧ ಪುಟದ ಅಂಚಿನಲ್ಲಿ ನಾಲ್ಕು ಹೆಸರುಗಳನ್ನು ಬರೆದರು. ಒಬ್ಬರು ಮಡಕೆಗಳ ರೇಖಾಚಿತ್ರ ಬರೆದವರು, ಒಬ್ಬರು ಛಾಯಾಗ್ರಾಹಕರು, ಇನ್ನಿಬ್ಬರು ಆರು ಋತುಗಳ ಉದ್ದಕ್ಕೂ ಸ್ತರಗಳನ್ನು ಅಳೆದು ಬರೆದುಕೊಂಡವರು. ಮುದ್ರಿತ ಸಂಪುಟದಲ್ಲಿ ಇವರ ಹೆಸರುಗಳು ಕೃತಜ್ಞತೆಯ ಪುಟದಲ್ಲಿ ಮಾತ್ರ ಇವೆ. "ಎಣಿಸುವುದಾದರೆ ಇವರನ್ನೂ ಎಣಿಸು" ಎಂದರು. ಮೂವರು ಈಗಲೂ ಬೇರೆ ಬೇರೆ ಕಡೆ ಕೆಲಸದಲ್ಲಿದ್ದಾರೆ, ಒಬ್ಬರು ತೀರಿಕೊಂಡಿದ್ದಾರೆ. ಇದನ್ನು ದಾಖಲೆಗೆ ಸೇರಿಸುವ ಕ್ರಮಬದ್ಧ ದಾರಿ ಇದೆಯೇ?

ಗ್ರಂಥಾಲಯದಿಂದ:

ಇದೆ. ಸಂಶೋಧನೆಯಲ್ಲಿ ಯಾರ ಪಾಲು ಏನೆಂದು ಗುರುತಿಸುವ ಕ್ರೆಡಿಟ್ ಎಂಬ ಪಟ್ಟಿಯಲ್ಲಿ 14 ಬಗೆಯ ಕೊಡುಗೆಗಳಿವೆ. ರೇಖಾಚಿತ್ರ ಬರೆದವರನ್ನೂ ಛಾಯಾಗ್ರಾಹಕರನ್ನೂ ಚಿತ್ರಣದ ಅಡಿಯಲ್ಲಿ, ಸ್ತರ ಅಳೆದವರನ್ನು ಶೋಧನೆ ಮತ್ತು ದತ್ತಾಂಶ ನಿರ್ವಹಣೆಯ ಅಡಿಯಲ್ಲಿ ಹಾಕಿ. ಏಳನೇ ಸ್ತರದವರು ಹೇಳಿದಂತೆ ಮೂಲ ದಾಖಲೆಗಳನ್ನು ಭಂಡಾರಕ್ಕೆ ಸೇರಿಸುವಾಗ ಈ ನಾಲ್ವರನ್ನೂ ಕೊಡುಗೆದಾರರೆಂದು ನಮೂದಿಸಿದರೆ ಡಿಒಐ ಜೊತೆಗೆ ಅವರ ಹೆಸರುಗಳೂ ನಿಲ್ಲುತ್ತವೆ. ತೀರಿಕೊಂಡವರಿಗೆ ಆರ್ಕಿಡ್ ಸಂಖ್ಯೆ ಮಾಡಲು ಬರುವುದಿಲ್ಲ, ಹೆಸರಿನಲ್ಲೇ ಸೇರಿಸಬೇಕು. ನಾಲ್ಕು ಹೆಸರುಗಳ ಸರಿಯಾದ ಕಾಗುಣಿತವನ್ನು ಪ್ರಾಧ್ಯಾಪಕರಿಂದಲೇ ಬರೆಸಿಕೊಂಡು ನನಗೆ ಖಾಸಗಿಯಾಗಿ ಕಳುಹಿಸಿ ಮೇಡಂ. ನಮ್ಮ ಗ್ರಂಥಾಲಯದಲ್ಲೂ ಆ ಸಂಪುಟದ ಒಂದು ಪ್ರತಿ ಇದೆ, ಅದರ ಸೂಚಿಪತ್ರವನ್ನು ಈ ವಾರವೇ ತಿದ್ದುತ್ತೇನೆ.